ಬಾಟಲಿಯಲ್ಲಿ ಹುಟ್ಟಿದ ನೇಂದ್ರ: ಆರುನೂರು ಗಿಡ, ಹನ್ನೊಂದು ತಿಂಗಳು, ತಪ್ಪಿದ ಓಣಂ

2024ರ ನವೆಂಬರ್ 12ರ ಸಂಜೆ, ಬೆಳಕು ಇಳಿಯುವ ಹೊತ್ತಿಗೆ, ಪಿಕಪ್ ಗಾಡಿ ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಟಾರ್ಪಾಲು ಎತ್ತಿ ನೋಡಿದ ಅತ್ತೆ ಹೇಳಿದ್ದು ಒಂದೇ ಮಾತು: “ಇದೇನು, ಕೆಸುವಿನ ಗಿಡ ತರಿಸಿದ್ದೀಯಾ?” ಬೊಗಸೆಯಲ್ಲಿ ಹಿಡಿಯುವಷ್ಟು ಕಪ್ಪು ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದಡಿ ಎತ್ತರದ, ಐದೆಲೆಯ ಗಿಡ. ಅಂಥವು 600. ಒಂದಕ್ಕೆ 24 ರೂಪಾಯಿಯಂತೆ 14,400, ಗಾಡಿ ಬಾಡಿಗೆ 3,500 ಬೇರೆ. ಅತ್ತೆಯ ಲೆಕ್ಕದಲ್ಲಿ ಬಾಳೆ ಅಂದರೆ ಪಕ್ಕದ ಮನೆಯವರ ಬುಡದಿಂದ ಹಾರೆಯಲ್ಲಿ ಮೀಟಿ ತರುವ ವಸ್ತು. ಅದಕ್ಕೆ ದುಡ್ಡು ಕೊಡುವುದೇ ಮರ್ಯಾದೆಗೇಡು, ಅದೂ ಲ್ಯಾಬಿನ ಬಾಟಲಿಯಲ್ಲಿ ಹುಟ್ಟಿದ್ದಕ್ಕೆ.

ಈಗ ಆ ಗಿಡಗಳ ಗೊನೆ ಕಡಿದು, ಮಾರಿ, ಲೆಕ್ಕ ಮುಗಿದಿದೆ. ಟಿಶ್ಯೂ ಕಲ್ಚರ್ ನೇಂದ್ರ, ಅಂದರೆ ಗಿಡದ ಚೂರಿನಿಂದ ಲ್ಯಾಬಿನಲ್ಲಿ ಬೆಳೆಸಿದ ನೇಂದ್ರ ಬಾಳೆ, ತರಬಹುದಾ ಎಂದು ನಮ್ಮ ಕಡೆಯ ನಾಲ್ಕೈದು ಮಂದಿ ಫೋನು ಮಾಡಿ ಕೇಳಿದ್ದಾರೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ನರ್ಸರಿಯ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮೇಲೆ ಕೋಪವಿದೆ, ಆದರೆ ಈ ವರ್ಷವೂ ಗಿಡಕ್ಕೆ ಅಲ್ಲಿಗೇ ಹೋಗಬೇಕು. ಕುಶಾಲನಗರ ದಾಟಿ ಇನ್ನೂ ಎರಡು ಗಂಟೆಯ ದಾರಿ ಅಂದರೆ ಸಾಕು.

ನಮ್ಮದು ಸುಂಟಿಕೊಪ್ಪದಿಂದ ಚೆಟ್ಟಳ್ಳಿ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಚಿಕ್ಕ ತೋಟ. ಮೇಲೆ ಕಾಫಿ, ಮೆಣಸು. ಕೆಳಗೆ ಹೊಳೆಬದಿಗೆ 60 ಸೆಂಟ್ ಗದ್ದೆ. ಭತ್ತ ಬೆಳೆದು ಕೈ ಸುಟ್ಟುಕೊಂಡ ಮೇಲೆ ಎರಡು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟೆವು. ಮಣ್ಣು ಸತ್ತ ಹಾಗಾಯಿತು. ಆಮೇಲೆ ನಾನೇ ಇಳಿದು ನೇಂದ್ರ ಹಾಕಿದೆ. ಕಾರಣ ಸರಳ: ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗುವ ಗಾಡಿಯವರು ಗೊನೆಯನ್ನು ಗದ್ದೆ ಬದುವಿಗೇ ಬಂದು ತೂಗಿ ಒಯ್ಯುತ್ತಾರೆ. ಚಿಪ್ಸ್‌ಗೆ ಬೇರೆ ಬಾಳೆ ಆಗುವುದಿಲ್ಲ, ನೇಂದ್ರವೇ ಆಗಬೇಕು. ಅದರ ದರ ಓಣಂ ನೋಡಿಕೊಂಡು ಏರುತ್ತದೆ, ಓಣಂ ಕಳೆದ ಮಾರನೇ ವಾರ ಜಾರುತ್ತದೆ. ಈ ಸಾಲು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಸಲ ತಂದದ್ದು ಕಂದು, ಅಂದರೆ ತಾಯಿಬಾಳೆಯ ಬುಡದಲ್ಲಿ ಏಳುವ ಮರಿಗಿಡ. ಲಾರಿಯಲ್ಲಿ ಬಂದ ಕಂದು, ಯಾವ ಊರಿನದೋ ಯಾರ ತೋಟದ್ದೋ. ಅತ್ತೆ, ನಾನು, ಕೆಲಸಕ್ಕೆ ಬರುವ ಇಬ್ಬರು ಹೆಂಗಸರು ಎರಡು ದಿನ ಕೂತು ಗೆಡ್ಡೆ ಕೆತ್ತಿದೆವು. ಇದರಲ್ಲಿ ಅತ್ತೆಯ ಕೈ ಪಳಗಿದ್ದು. ಕತ್ತಿಯ ಹಾಗೆ ಕಿರಿದಾದ ಎಲೆಯ ಕಂದನ್ನು ಇಟ್ಟುಕೊಳ್ಳುವುದು, ಅಗಲ ಎಲೆ ಬಿಟ್ಟ ಬಡಕಲನ್ನು ಬಿಸಾಡುವುದು. ಗೆಡ್ಡೆಯ ಹೊರಸಿಪ್ಪೆಯನ್ನು ಬಿಳಿ ಕಾಣುವವರೆಗೆ ಹೆರೆಯುವುದು, ಕಪ್ಪು ಸುರಂಗ ಕಂಡರೆ ಒಳಗೆ ಮೂತಿಹುಳುವಿನ ಮರಿ ಇದೆಯೆಂದು ಅದನ್ನೂ ಬಿಸಾಡುವುದು. ಉಳಿದದ್ದನ್ನು ಸಗಣಿ, ಬೂದಿ ಕಲಸಿದ ಬಗ್ಗಡದಲ್ಲಿ ಅದ್ದಿ ಮೂರ್ನಾಲ್ಕು ದಿನ ಬಿಸಿಲಿಗೆ ಇಡುವುದು. ಇಷ್ಟೆಲ್ಲ ಮಾಡಿದರೆ ಹುಳು ಕಡಿಮೆಯಾಗುತ್ತದೆ, ಬೇರಿನ ಜಂತುಹುಳುವೂ ಕಡಿಮೆಯಾಗುತ್ತದೆ. ಆದರೆ ವೈರಸ್ಸು ಕತ್ತಿಗೆ ಸಿಗುವುದಿಲ್ಲವಲ್ಲ. ಮೂರನೇ ತಿಂಗಳಿಗೆ ಅಲ್ಲೊಂದು ಇಲ್ಲೊಂದು ಗಿಡ ಎಲೆಗಳನ್ನೆಲ್ಲ ತಲೆಯ ಮೇಲೆ ಗುಚ್ಚು ಕಟ್ಟಿಕೊಂಡು ನಿಂತುಬಿಟ್ಟಿತು. ಬಂಚಿ ಟಾಪ್ ಎಂಬ ವೈರಸ್ ರೋಗ. ನಾಲ್ಕುನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಿತ್ತೆ. ಉಳಿದವು ಬೇಕಾದಾಗ ಬೇಕಾದಂತೆ ಹೂ ಬಿಟ್ಟವು, ಜುಲೈಯಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು.

ಬಾಳೆಗೆ ಬೀಜವಿಲ್ಲದಿರುವುದೇ ಇಷ್ಟಕ್ಕೆಲ್ಲ ಮೂಲ. ತಾಯಿಯ ಗೆಡ್ಡೆಯಿಂದಲೇ ಮಗು, ಹಾಗಾಗಿ ತಾಯಿಯ ಕಾಯಿಲೆಯೂ ಮಗುವಿಗೆ. ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆಯನ್ನು ಇದೇ ಬಂಚಿ ಟಾಪ್ ಹೆಚ್ಚುಕಡಿಮೆ ಅಳಿಸಿಯೇ ಹಾಕಿತ್ತು. ಆಮೇಲೆ ವೈರಸ್ ಇಲ್ಲದ ತಾಯಿಗಿಡ ಹುಡುಕಿ, ಅದರ ಸುಳಿಯಿಂದ ಲ್ಯಾಬಿನಲ್ಲಿ ಸಸಿ ಮಾಡಿ ಬೆಟ್ಟಕ್ಕೆ ಮರಳಿಸಿದರು. ಈ ಕತೆಯನ್ನು ನನಗೆ ಹೇಳಿದವನು ತಂಗಿಯ ಮಗ, ತೋಟಗಾರಿಕೆ ಓದಿದವನು. ಅವನ ಒತ್ತಾಯಕ್ಕೇ 2024ರ ಜೂನಿನಲ್ಲಿ ಲ್ಯಾಬ್ ನೋಡಲು ಹೋದದ್ದು.

ಲ್ಯಾಬ್ ಅಂದರೆ ನನ್ನ ಮನಸ್ಸಿನಲ್ಲಿ ಆಸ್ಪತ್ರೆ ಇತ್ತು. ಹೋಗಿ ನೋಡಿದರೆ ಹೆಚ್ಚುಕಡಿಮೆ ಉಪ್ಪಿನಕಾಯಿ ಫ್ಯಾಕ್ಟರಿ. ಚಪ್ಪಲಿ ಹೊರಗೆ, ಕಾಲಿಗೆ ಅವರದೇ ಸ್ಲಿಪ್ಪರ್, ಗಾಜಿನ ಕಿಟಕಿಯಿಂದಾಚೆಗೆ ನಮಗೆ ಪ್ರವೇಶವಿಲ್ಲ. ಒಳಗೆ ಕಬ್ಬಿಣದ ಕಪಾಟುಗಳ ತುಂಬ ಗಾಜಿನ ಬಾಟಲಿ, ಪ್ರತಿ ಅರೆಗೂ ಟ್ಯೂಬ್‌ಲೈಟು. ದಿನಕ್ಕೆ ಹದಿನಾರು ಗಂಟೆ ಬೆಳಕು, 25 ಡಿಗ್ರಿ ಸೆಖೆ, ವರ್ಷವಿಡೀ ಒಂದೇ ಹವೆ. ನಮ್ಮ ಮಡಿಕೇರಿ ಮಳೆಗಾಲಕ್ಕೆ ಇಂಥದ್ದೊಂದು ಕೋಣೆ ಇದ್ದಿದ್ದರೆ ಅನ್ನಿಸಿತು. ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪ ಅಗರ್ ಪಾಕ: ಸಕ್ಕರೆ, ಲವಣ, ವಿಟಮಿನ್ನು, ಚಿಗುರೊಡೆಸುವ ಹಾರ್ಮೋನು. ಈ ಪಾಕದ ಅಳತೆಯನ್ನು 1962ರಲ್ಲಿ ಮುರಾಶಿಗೆ, ಸ್ಕೂಗ್ ಎಂಬಿಬ್ಬರು ಕಂಡುಹಿಡಿದದ್ದು ತಂಬಾಕಿನ ಅಂಗಾಂಶ ಬೆಳೆಸುವುದಕ್ಕಂತೆ. ಹೆಬ್ಬಾಲೆ, ಪಿರಿಯಾಪಟ್ಟಣದ ಕಡೆ ಇವತ್ತಿಗೂ ಎಷ್ಟು ಮನೆಯ ಒಲೆ ಉರಿಯುವುದು ಅದೇ ತಂಬಾಕಿನಿಂದ. ಅದರ ಪಾಕದಲ್ಲೀಗ ನೇಂದ್ರ ಬೆಳೆಯುತ್ತಿದೆ.

ಕಿಟಕಿಯ ಪಕ್ಕದಲ್ಲೇ ಒಬ್ಬ ಹುಡುಗಿ ಕೂತಿದ್ದಳು, ಮೂಗುಬಾಯಿಗೆ ಮಾಸ್ಕು, ಮೊಣಕೈವರೆಗೆ ಗ್ಲೌಸು. ಬಾಟಲಿಯ ಬಾಯನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿದು ತಿರುಗಿಸುವುದು, ಚಿಮಟದಿಂದ ಒಳಗಿನ ಗೊಂಚಲನ್ನು ಎತ್ತುವುದು, ಸ್ಟೀಲ್ ತಟ್ಟೆಯ ಮೇಲಿಟ್ಟು ಚಾಕುವಿನಿಂದ ಮೂರು ನಾಲ್ಕು ಭಾಗ ಮಾಡುವುದು, ಒಂದೊಂದನ್ನೂ ಹೊಸ ಬಾಟಲಿಗೆ ಊರುವುದು, ಮತ್ತೆ ಉರಿ, ಮುಚ್ಚಳ. ನೋಡನೋಡುತ್ತ ಒಂದು ಬಾಟಲಿ ನಾಲ್ಕಾಯಿತು. ಮೂರ್ನಾಲ್ಕು ವಾರಕ್ಕೊಮ್ಮೆ ಹೀಗೆ. ಒಳಗಿನ ಗೊಂಚಲು ಮೊಳಕೆ ಕಟ್ಟಿದ ಹೆಸರುಕಾಳಿನ ಹಾಗೆ, ಬಿಳಿ ಬುಡ, ಹಸಿರು ಮೂತಿ. ನಡುವೆ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಏನೂ ಮಾತಾಡದೆ ಪಕ್ಕದ ಬಕೆಟ್ಟಿಗೆ ಇಟ್ಟಳು. ಪಾಕದ ಮೇಲೆ ಉದ್ದಿನಕಾಳಿನಷ್ಟು ಬೂಷ್ಟು. ಅಷ್ಟು ಸಾಕು, ಇಡೀ ಬಾಟಲಿ ಕುಕ್ಕರಿಗೆ, ಅಲ್ಲಿಂದ ತಿಪ್ಪೆಗೆ. ನನ್ನ ಉಪ್ಪಿನಕಾಯಿ ಜಾಡಿಗೆ ನಾನು ಇಷ್ಟು ನಿಷ್ಠುರಳಲ್ಲ.

ಲ್ಯಾಬ್ ನೋಡಿಕೊಳ್ಳುವವರು ಮಾತಿನಲ್ಲಿ ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಒಂದು ಕಂದಿನಿಂದ ಎಷ್ಟು ಗಿಡ ಮಾಡುತ್ತೀರಿ ಅಂದೆ. ಎಷ್ಟು ಬೇಕಾದರೂ ಮಾಡಬಹುದು, ಆದರೆ ಹೆಚ್ಚು ಸಲ ಒಡೆದಷ್ಟೂ ಜಾತಿ ಕೆಟ್ಟ ಗಿಡ ಹುಟ್ಟುತ್ತದೆ, ಅದಕ್ಕೆ ಎಂಟು ಸಲಕ್ಕೆ ನಿಲ್ಲಿಸುತ್ತೇವೆ ಅಂದರು. ನಮ್ಮ ಹುಡುಗ ಪಕ್ಕದಲ್ಲಿ ತಲೆಯಾಡಿಸಿದ, ಲೆಕ್ಕ ಸರಿ ಎಂದು. ಅವನೇ ಕೇಳಿದ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ: “ತಾಯಿಗಿಡದ ವೈರಸ್ ಟೆಸ್ಟ್ ರಿಪೋರ್ಟು ತೋರಿಸ್ತೀರಾ?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ತುಂಬ ಜನ ಬಾಟಲಿಯಿಂದ ಬಂದದ್ದೆಲ್ಲ ಶುದ್ಧ ಅಂದುಕೊಂಡಿದ್ದಾರೆ. ಹುಳು, ಜಂತುಹುಳು, ಸೊರಗು ರೋಗದ ಬೂಷ್ಟು, ಇವು ಆ ಪಾಕದಲ್ಲಿ ಅಡಗಿ ಕೂರಲಾರವು. ವೈರಸ್ಸು ಹಾಗಲ್ಲ, ಗಿಡದ ರಸದಲ್ಲೇ ಇರುವುದರಿಂದ ತಾಯಿಯಲ್ಲಿದ್ದರೆ ಬಾಟಲಿಯ ಸಾವಿರ ಮಕ್ಕಳಿಗೂ ಬರುತ್ತದೆ. ಕಂದಿನಲ್ಲಾದರೆ ಒಂದು ತಾಯಿಯಿಂದ ಆರೋ ಏಳೋ ರೋಗದ ಗಿಡ, ಲ್ಯಾಬಿನಲ್ಲಾದರೆ ಲಾರಿಗಟ್ಟಲೆ. ಅದಕ್ಕೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯವರು 2006ರಲ್ಲಿ ಟಿಶ್ಯೂ ಕಲ್ಚರ್ ಸಸಿಗಳಿಗೆ ಸರ್ಟಿಫಿಕೇಟ್ ವ್ಯವಸ್ಥೆ ತಂದರು. ಬಾಳೆಗೆ ನಾಲ್ಕು ವೈರಸ್ ನೋಡುತ್ತಾರೆ: ಬಂಚಿ ಟಾಪ್, ಬ್ರ್ಯಾಕ್ಟ್ ಮೊಸಾಯಿಕ್, ಸ್ಟ್ರೀಕ್, ಕುಕುಂಬರ್ ಮೊಸಾಯಿಕ್. ಎರಡನೆಯದನ್ನು ಕೇರಳದವರು ಕೊಕ್ಕಾನ್ ಅನ್ನುತ್ತಾರೆ. ನೇಂದ್ರಕ್ಕೆ ಅದು ಮೃತ್ಯು, ಕಾಂಡದ ಮೇಲೆ ಕೆಂಪು ಬರೆ ಎದ್ದು ಗೊನೆಯೇ ಸೊಟ್ಟಗಾಗುತ್ತದೆ. ರಿಪೋರ್ಟು ತೋರಿಸಿದರು, ಲಾಟ್ ನಂಬರ್ ಬರೆದುಕೊಂಡೆ. ನವೆಂಬರಿನಲ್ಲಿ ಗಿಡದ ಜೊತೆ ಬಂದ ಲೇಬಲ್ಲಿನಲ್ಲೂ ಅದೇ ನಂಬರ್. ಈ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ. ಲೇಬಲ್ ಈಗಲೂ ದೇವರ ಫೋಟೋದ ಹಿಂದೆ ಇದೆ.

ಅರ್ಧ ದುಡ್ಡು ಮುಂಗಡ ಕೊಟ್ಟೆ. ಸೆಪ್ಟೆಂಬರ್ ಕೊನೆಯ ವಾರ ಗಿಡ ಬರುತ್ತದೆ ಅಂದರು. ಆಗ ನೆಟ್ಟರೆ ಹನ್ನೊಂದು ತಿಂಗಳಿಗೆ, ಆಗಸ್ಟ್ ಕೊನೆಗೆ ಗೊನೆ. 2025ರ ತಿರುವೋಣಂ ಸೆಪ್ಟೆಂಬರ್ 5ಕ್ಕೆ. ಕ್ಯಾಲೆಂಡರಿನಲ್ಲಿ ಎಣಿಸಿಯೇ ಬುಕ್ ಮಾಡಿದ್ದೆ.

ಸೆಪ್ಟೆಂಬರ್ ಕೊನೆಗೆ ಫೋನು ಮಾಡಿದರೆ, “ಬ್ಯಾಚ್ ರೆಡಿ ಇಲ್ಲ ಮೇಡಂ, ಹತ್ತು ದಿನ.” ದಸರಾ ಕಳೆಯಿತು. “ಮಳೆ ಮೇಡಂ, ಬೇರು ಹಿಡಿದಿಲ್ಲ.” ದೀಪಾವಳಿ ಕಳೆಯಿತು. ಆಮೇಲೆ ಫೋನು ಎತ್ತುವವರೇ ಬದಲಾದರು, ಹೊಸಬರಿಗೆ ನನ್ನ ಬುಕಿಂಗೇ ಗೊತ್ತಿಲ್ಲ. ರಸೀದಿಯ ಫೋಟೋ ಕಳಿಸಿ, ಯಜಮಾನರ ಕೈಲಿ ಒಂದು ಸಲ ದಪ್ಪ ದನಿಯಲ್ಲಿ ಮಾತಾಡಿಸಿದ ಮೇಲೆ ನವೆಂಬರ್ 12ರ ಆ ಪಿಕಪ್. ಅಷ್ಟೊತ್ತಿಗೆ ನಮ್ಮಲ್ಲಿ ಅರೇಬಿಕಾ ಹಣ್ಣು ಕೆಂಪಾಗಿ ಕಾಫಿ ಕುಯ್ಲು ಶುರು. ಆಳುಗಳನ್ನು ಬಾಳೆ ಗುಂಡಿಗೆ ಕರೆದರೆ, “ಅಕ್ಕ, ಕಾಫಿ ಕಿಲೋ ಲೆಕ್ಕದಲ್ಲಿ ಸಿಗ್ತದೆ, ನಿಮ್ಮ ಬಾಳೆಗೆ ಯಾರು ಬರ್ತಾರೆ” ಅಂದರು. ಅವರದ್ದೂ ತಪ್ಪಲ್ಲ.

ಗುಂಡಿ ಮೊದಲೇ ತೋಡಿಸಿಟ್ಟಿದ್ದೆ, ಆರೂವರೆ ಅಡಿಗೊಂದು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ. ಮಾರನೇ ದಿನ ಸಿಕ್ಕ ಇಬ್ಬರನ್ನು ಕಟ್ಟಿಕೊಂಡು 180 ಗಿಡ ನೆಟ್ಟಾಯಿತು. ಸಂಜೆ ಒಂದು ಗಿಡ ಚೀಲದಿಂದ ಬಿಡಿಸುವಾಗ ಮಣ್ಣೆಲ್ಲ ಪುಡಿಪುಡಿಯಾಗಿ ಉದುರಿತು. ಕೈಯಲ್ಲಿ ಉಳಿದದ್ದು ಹೆಬ್ಬೆರಳು ಗಾತ್ರದ ತೆಂಗಿನನಾರಿನ ಮುದ್ದೆ, ಮೇಲೆ ಅಗಲ, ಕೆಳಗೆ ಸಪೂರ, ಸಸಿ ಬೆಳೆಸುವ ಪ್ಲಾಸ್ಟಿಕ್ ಪ್ರೋಟ್ರೇಯ ಗುಳಿ ಹೇಗಿರುತ್ತದೋ ಹಾಗೇ. ಬೇರುಗಳೆಲ್ಲ ಅದರೊಳಗೇ ಸುತ್ತಿಕೊಂಡಿದ್ದವು, ಒಂದು ಎಳೆಯೂ ಹೊರಗಿನ ಮಣ್ಣಿಗೆ ಕಾಲಿಟ್ಟಿರಲಿಲ್ಲ. ಅಂದರೆ ಟ್ರೇಯಿಂದ ಚೀಲಕ್ಕೆ ಹಾಕಿ ಒಂದು ವಾರವೂ ಆಗಿಲ್ಲ. ಎದೆ ಧಸಕ್ಕೆಂದಿತು. ಇನ್ನೊಂದು ಚೀಲವನ್ನು ಬ್ಲೇಡಿನಿಂದ ಸೀಳಿದೆ, ಅದು ಸರಿಯಾಗಿತ್ತು: ಮಣ್ಣು ಉದುರಲಿಲ್ಲ, ಶಾವಿಗೆಯಂಥ ಬಿಳಿ ಬೇರು ಚೀಲದ ಆಕಾರವನ್ನೇ ಹಿಡಿದು ನಿಂತಿತ್ತು. ಎರಡು ಥರದ ಗಿಡ ಒಂದೇ ಗಾಡಿಯಲ್ಲಿ, ಒಂದೇ ರೇಟಿನಲ್ಲಿ. ನನ್ನ ಒತ್ತಾಯಕ್ಕೆ 600 ತುಂಬಿಸಲು ಹಿಂದಿನ ವಾರದ ಸಸಿಯನ್ನೂ ಸೇರಿಸಿ ಕಳಿಸಿದ್ದರು.

ಬಾಟಲಿಯಿಂದ ಹೊರಬಂದ ಸಸಿ ಅಂದರೆ ಬಾಣಂತಿ ಕೋಣೆಯ ಮಗು. ಒಳಗೆ ಅದಕ್ಕೆ ಗಾಳಿಯಿಲ್ಲ, ಬಿಸಿಲಿಲ್ಲ, ಬರೀ ತೇವ. ಎಲೆಯ ಮೇಲೆ ಮೇಣದ ಪದರ ಕಟ್ಟಿರುವುದಿಲ್ಲ, ಉಸಿರಾಡುವ ರಂಧ್ರಗಳಿಗೆ ಮುಚ್ಚಿಕೊಳ್ಳಲು ಬರುವುದಿಲ್ಲ. ಮೊದಲು ಟ್ರೇಯಲ್ಲಿ ಮಂಜು ಹನಿಸುವ ಪಾಲಿಹೌಸ್, ನಾಲ್ಕರಿಂದ ಆರು ವಾರ. ಆಮೇಲೆ ಚೀಲದಲ್ಲಿ ಶೇಡ್ ನೆಟ್ ಕೆಳಗೆ ಇನ್ನೊಂದು ಐದಾರು ವಾರ. ಇಷ್ಟಾದ ಮೇಲೆಯೇ ಅದು ಬಯಲು ಕಾಣಬೇಕು. ಗಿಡದ ಬೆಲೆಯ ದೊಡ್ಡ ಪಾಲು ನಾವು ಕೊಡುವುದು ಈ ಕಾಯುವಿಕೆಗೆ. ಅದರಲ್ಲೇ ಕದ್ದರೆ?

ಉಳಿದ ಚೀಲಗಳನ್ನು ಒಂದೊಂದಾಗಿ ಹಿಸುಕಿ ನೋಡಿದೆ. ಸಡಿಲವಾಗಿದ್ದವನ್ನು ಬೇರೆ ಮಾಡಿ ಸಿಲ್ವರ್ ಮರದ ನೆರಳಿಗೆ ಇಟ್ಟು ಮೂರು ವಾರ ನೀರು ಚಿಮುಕಿಸಿದೆ, ಅವು ಬಹುಮಟ್ಟಿಗೆ ಉಳಿದವು. ಮೊದಲ ದಿನ ಕಣ್ಣುಮುಚ್ಚಿ ನೆಟ್ಟದ್ದರಲ್ಲೇ ಸಾವು ಹೆಚ್ಚು. ಹಗಲು ಚುರುಕು ಬಿಸಿಲು, ರಾತ್ರಿ ಮೈ ನಡುಗಿಸುವ ಇಬ್ಬನಿ, ಎಲೆ ಅಂಚಿನಿಂದ ಕಾಗದದ ಹಾಗೆ ಒಣಗುತ್ತ ಬಂದವು. ಒಟ್ಟು 61 ಹೋದವು. ಫೋಟೋ ಕಳಿಸಿ ಜಗಳವಾಡಿದ್ದಕ್ಕೆ ಜನವರಿಯಲ್ಲಿ 40 ಬದಲಿ ಗಿಡ ಕೊಟ್ಟರು, ಬಾಡಿಗೆ ನನ್ನದೇ.

ಬೈದದ್ದು ಸಾಕು, ಈಗ ಗಿಡದ ಮಾತು. ಉಳಿದ 539 ಡಿಸೆಂಬರ್, ಜನವರಿಯ ಚಳಿಗೆ ಸುಮ್ಮನೆ ಕೂತಿದ್ದವು. ಫೆಬ್ರುವರಿಯಲ್ಲಿ ಕಣ್ಣುಬಿಟ್ಟವು, ಮಾರ್ಚಿನ ಹೂಮಳೆ ಬಿದ್ದ ಮೇಲೆ ನಿಲ್ಲಿಸಲಾಗಲಿಲ್ಲ. ವಾರಕ್ಕೊಂದು ಎಲೆ. ಗದ್ದೆಯ ತಲೆಯಲ್ಲಿ ನಿಂತು ನೋಡಿದರೆ ಶಾಲೆಯ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳ ಹಾಗೆ, ಎಲ್ಲ ಒಂದೇ ಎತ್ತರ. ಅತ್ತೆ ದಿನಾ ಸಂಜೆ ಕೋಲು ಊರಿಕೊಂಡು ಬಂದು ನೋಡುತ್ತಿದ್ದರು, ಆದರೆ ಚೆನ್ನಾಗಿದೆ ಅಂದವರಲ್ಲ.

ಏಪ್ರಿಲಿನಲ್ಲಿ ಒಂದು ಗಿಡ ಕುಳ್ಳಗೆ ಉಳಿದು ಎಲೆಗಳನ್ನು ತಲೆಯ ಮೇಲೆ ಒತ್ತಾಗಿ ಕಟ್ಟಿಕೊಂಡಿತು. ನನಗೆ ಹಳೆಯ ದಿಗಿಲು. ತಂಗಿಯ ಮಗನಿಗೆ ವಿಡಿಯೋ ಕಾಲ್ ಮಾಡಿದೆ.

“ದೊಡ್ಡಮ್ಮ, ಎಲೆಯ ಹಿಂಭಾಗ ತೋರಿಸಿ. ನಡುದಂಟಿನ ಪಕ್ಕ. ಕಡುಹಸಿರು ಚುಕ್ಕಿ, ಗೀಟು, ಚುಕ್ಕಿ, ಗೀಟು ಕಾಣ್ತದಾ?”

“ಇಲ್ಲ ಕಣೋ.”

“ಎಲೆಯ ಅಂಚು ಹಳದಿ ಆಗಿದೆಯಾ? ಮಡಚಿದರೆ ಹಪ್ಪಳದ ಹಾಗೆ ಮುರೀತದಾ?”

ಮಡಚಿದೆ. ಮುರಿಯಲಿಲ್ಲ.

“ಹಾಗಾದ್ರೆ ಬಂಚಿ ಟಾಪ್ ಅಲ್ಲ. ಲ್ಯಾಬಿನಲ್ಲಿ ಜಾತಿ ಕೆಟ್ಟದ್ದು. ಗೊನೆ ಕೊಡಲ್ಲ, ಬೇರೆಯದಕ್ಕೆ ತೊಂದರೆಯನ್ನೂ ಕೊಡಲ್ಲ. ಬೇಕಾದ್ರೆ ಕಡೀರಿ.”

ಅಂಥವು ಒಟ್ಟು ನಾಲ್ಕು: ಎರಡು ಕುಳ್ಳ, ಒಂದರ ಎಲೆಯಲ್ಲಿ ಬಿಳಿ ಪಟ್ಟೆ, ಇನ್ನೊಂದಕ್ಕೆ ಎಲೆ ದಪ್ಪ, ರಬ್ಬರ್ ಹಾಳೆಯ ಹಾಗೆ. 539ರಲ್ಲಿ ನಾಲ್ಕು ಅಂದರೆ ದೂರು ಹೇಳುವ ಹಾಗಿಲ್ಲ. ಎಂಟು ಸಲಕ್ಕೆ ನಿಲ್ಲಿಸುತ್ತೇವೆ ಅಂದದ್ದು ನಿಜವೇ ಇರಬೇಕು.

ನಿಜವಾದ ಬಂಚಿ ಟಾಪ್ ಬಂದದ್ದು ಜೂನಿನಲ್ಲಿ, ಮೂರು ಗಿಡಕ್ಕೆ, ಮೂರೂ ಮೇಲಿನ ಬೇಲಿಯ ಸಾಲಿನಲ್ಲಿ. ಬೇಲಿಯಾಚೆ ಯಾರೂ ನೋಡದೆ ಬಿಟ್ಟ ಹಳೆಯ ಬಾಳೆ ಬುಡವೊಂದು ಗುಚ್ಚುತಲೆಯಾಗಿ ನಿಂತಿದೆ. ಬಾಳೆಯ ಹೇನು ಅಲ್ಲಿ ರಸ ಹೀರಿ ಇಲ್ಲಿ ಬಂದು ಕೂರುತ್ತದೆ, ಅಷ್ಟೇ ಕತೆ. ಟಿಶ್ಯೂ ಕಲ್ಚರ್ ಗಿಡ ರೋಗವಿಲ್ಲದೆ ಬರುತ್ತದೆ, ರೋಗ ತಡೆಯುವ ಶಕ್ತಿಯೇನೂ ಅದಕ್ಕೆ ಹೆಚ್ಚಿಲ್ಲ. ಪನಾಮ ಸೊರಗು ರೋಗ ಇರುವ ಮಣ್ಣಿಗೆ ಹಾಕಿದರೂ ಅಷ್ಟೇ. ನಂಜನಗೂಡು ರಸಬಾಳೆಯನ್ನು ಆ ರೋಗ ಯಾವ ಗತಿಗೆ ತಂದಿತೆಂದು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಮೊದಲು ಹೇನಿಗೆ ಔಷಧಿ ಹೊಡೆದು, ಆಮೇಲೆ ಮೂರನ್ನೂ ಗೆಡ್ಡೆ ಸಮೇತ ಅಗೆದು ಹಾಕಿದೆ. ಹೊಡೆಯದೆ ಕಿತ್ತರೆ ಹೇನು ಹಾರಿ ಪಕ್ಕದ ಗಿಡಕ್ಕೆ ಹೋಗುತ್ತದೆ. ಬೇಲಿಯಾಚೆಯ ಮನೆಯವರಿಗೂ ಹೇಳಿದೆ. “ನೋಡುವಾ” ಅಂದಿದ್ದಾರೆ. ಕೊಡಗಿನಲ್ಲಿ ನೋಡುವಾ ಅಂದರೆ ಏನೆಂದು ಗೊತ್ತಲ್ಲ.

ಮಳೆಗಾಲದ ಗಾಳಿಗೆ 19 ಗಿಡ ಬಿದ್ದವು, ಗಿಡದಿಂದ ಗಿಡಕ್ಕೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರೂ. ಜುಲೈಯ ಒಂದು ರಾತ್ರಿ ಆನೆ. ಪಟಾಕಿ ಹೊಡೆಯುವಷ್ಟರಲ್ಲಿ 23 ಗಿಡದ ದಿಂಡು ಸಿಗಿದು ತಿಂದು, ಇನ್ನೇನು ಬಿಡುವ ಮೋತೆಗಳನ್ನು ತುಳಿದು ಹೋಗಿತ್ತು. ಅದಕ್ಕೆ ಲೇಬಲ್ಲೂ ಬೇಡ, ಲಾಟ್ ನಂಬರೂ ಬೇಡ.

ಉಳಿದ 490 ಗಿಡ ಜುಲೈ ಮಧ್ಯದಿಂದ ಹೂ ಹಾಕಿದವು. ಬಹುಪಾಲು ಮೂರು ವಾರದೊಳಗೆ. ಕಂದಿನ ಬೆಳೆಯಲ್ಲಿ ಇದೇ ಕೆಲಸಕ್ಕೆ ಮೂರು ತಿಂಗಳು ಹಿಡಿದಿತ್ತು. ಗೊನೆಗೆ ಐದೋ ಆರೋ ಚಿಪ್ಪು, ಕಾಯಿ ಉದ್ದ, ಬಾಗು ಚೆಂದ. ಹಿಂದಿನ ಸಲ ಎಂಟೊಂಬತ್ತು ಕಿಲೋ ಬಂದರೆ ಹೆಚ್ಚು, ಈ ಸಲ ಸರಾಸರಿ 11, ಒಂದು 14 ದಾಟಿತು. ಗೆಡ್ಡೆ ಕಿತ್ತು ಸೀಳಿ ನೋಡಿದೆ, ಮೂತಿಹುಳುವಿನ ಸುರಂಗ ಹುಡುಕಬೇಕು, ಅಷ್ಟು ಕಡಿಮೆ. ಅತ್ತೆ ಒಂದು ಚಿಪ್ಪನ್ನು ಅಟ್ಟಕ್ಕೆ ಹಾಕಿ ಹಣ್ಣು ಮಾಡಿಕೊಂಡು, ಹಬೆಯಲ್ಲಿ ಬೇಯಿಸಿ, ತುಪ್ಪ ಹಾಕಿ ತಿಂದು, “ರುಚಿ ಅದೇ” ಅಂದರು. ವರ್ಷದಲ್ಲಿ ಈ ಗಿಡಕ್ಕೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಆದರೆ ಕಡಿದದ್ದು ಯಾವಾಗ? ಅಕ್ಟೋಬರ್ 8ರಿಂದ. ಓಣಂ ಕಳೆದು ತಿಂಗಳಾಗಿತ್ತು. ಓಣಂ ವಾರದಲ್ಲಿ ನಮ್ಮೂರಿಗೆ ಬರುವ ಗಾಡಿಯ ಕಾಕ ಕಿಲೋಗೆ 48 ಕೊಟ್ಟು ಕೈಮುಗಿದು ಒಯ್ದಿದ್ದ. ನನ್ನ ಗೊನೆ ತೂಗುವಾಗ 29. “ಅಕ್ಕ, ಚರಕು ಫಸ್ಟ್ ಕ್ಲಾಸ್. ಒಂದೇ ಸೈಜ್, ಕಲೆ ಇಲ್ಲ. ಇದನ್ನು ಒಂದೂವರೆ ತಿಂಗಳು ಮುಂಚೆ ತೋರಿಸಿದ್ರೆ ನಾನು ಚಾ ಕುಡಿಸ್ತಿದ್ದೆ.” ಐದು ಟನ್ನಿಗೂ ಮೇಲೆ ಬಂದ ಫಸಲಿನಲ್ಲಿ ಕಿಲೋಗೆ 19 ರೂಪಾಯಿ ಕಡಿಮೆ, ಅಂದರೆ ಲಕ್ಷ ರೂಪಾಯಿಯ ಚಾ.

ಇಲ್ಲೇ ನನಗೆ ಒಂದು ವಿಷಯ ತಲೆಗೆ ಹೋದದ್ದು. ಕಂದು ನೆಟ್ಟಿದ್ದರೆ ಹಿಂದೆಮುಂದೆ ಹೂ ಬಿಟ್ಟು ಕೆಲವಾದರೂ ಓಣಂಗೆ ಸಿಗುತ್ತಿದ್ದವು, ಕೆಲವು ತಪ್ಪುತ್ತಿದ್ದವು. ಟಿಶ್ಯೂ ಕಲ್ಚರ್ ಎಲ್ಲವನ್ನೂ ಒಂದೇ ದಿನಕ್ಕೆ ಗಂಟು ಹಾಕುತ್ತದೆ. ದಿನ ಸರಿಯಿದ್ದರೆ 490 ಗೊನೆಯೂ ಓಣಂ ರೇಟಿಗೆ. ದಿನ ತಪ್ಪಿದರೆ 490ಕ್ಕೂ ಮಂಕು ರೇಟು. ನರ್ಸರಿಯವರು ಪುಸ್ತಕದ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕುವ ಗುಣ ಇದು, ‘ಏಕಕಾಲದ ಕೊಯ್ಲು’ ಎಂದು. ಹಾಗಿದ್ದ ಮೇಲೆ ಗಿಡ ಕೊಡುವ ತಾರೀಖೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕಲ್ಲವೇ? ಇನ್ನೊಂದು ಕಡೆ, ಲ್ಯಾಬಿನಲ್ಲಿ ಕಂದಿನಿಂದ ಶುರುಮಾಡಿ ಗದ್ದೆಗೆ ಗಿಡ ತಯಾರಾಗಲು ವರ್ಷದಷ್ಟು ಬೇಕು. ಜೂನಿನಲ್ಲಿ ಬಂದು ಸೆಪ್ಟೆಂಬರಿಗೆ ಕೇಳುವವರಿಗೆಲ್ಲ ಅವರ ಕಪಾಟಿನಲ್ಲಿ ಇದ್ದದ್ದೇ ಹಂಚಬೇಕು. ಅವರ ಕಷ್ಟ ಅರ್ಥವಾಗುತ್ತದೆ. ಹಾಗಾದರೆ ಆಗುವುದಿಲ್ಲ ಅನ್ನಬೇಕಿತ್ತು, ಮುಂಗಡ ತೆಗೆದುಕೊಳ್ಳಬಾರದಿತ್ತು.

ಅಂಕ ಕೊಡಲೇಬೇಕೆಂದರೆ, ಲ್ಯಾಬಿಗೆ ಐದಕ್ಕೆ ನಾಲ್ಕೂವರೆ. ಚೀಲಕ್ಕೆ ಹಾಕಿ ಬೆಳೆಸುವವರಿಗೆ ಎರಡು. ಫೋನು ಎತ್ತುವವರಿಗೆ ಅರ್ಧ, ಅದೂ ಜನವರಿಯಲ್ಲಿ ಬದಲಿ ಕೊಟ್ಟದ್ದಕ್ಕೆ. ನೀವು ತರಿಸುವುದಾದರೆ ಎಲೆ ನೋಡಬೇಡಿ, ಎಲೆ ಯಾರಿಗಾದರೂ ಬರುತ್ತದೆ. ಗಾಡಿ ಇಳಿಸುವ ಮುಂಚೆ ಬೇರೆ ಬೇರೆ ಕ್ರೇಟಿನಿಂದ ನಾಲ್ಕು ಚೀಲ ಆರಿಸಿ ಅವರ ಎದುರಿಗೇ ಸೀಳಿ. ಒಂದು ಚೀಲಕ್ಕೆ 24 ರೂಪಾಯಿ, ನಾಲ್ಕಕ್ಕೆ ನೂರೂ ಆಗುವುದಿಲ್ಲ. ಮಣ್ಣು ಉದುರಿತೋ, ಗಾಡಿ ಹಿಂದಕ್ಕೆ. ನಾನು ಆ ಸಂಜೆ ಕತ್ತಲಾಯಿತೆಂದು, ಡ್ರೈವರ್ ಹುಡುಗನಿಗೆ ದೂರ ಹೋಗಬೇಕೆಂದು, ಚಾ ಕೊಟ್ಟು ಕಳಿಸಿದೆ.

ಜನವರಿಯ ಆ 40 ಬದಲಿ ಗಿಡಗಳನ್ನು ಗದ್ದೆಯ ಮೂಲೆಗೆ ಹಾಕಿ ಮರೆತೇಬಿಟ್ಟಿದ್ದೆ. ಅವು ಈಗ ಕಡಿಯಲು ಬಂದಿವೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ. ಮೇಲ್ಮನೆಯ ಅಜ್ಜಿ ತಂಬಿಟ್ಟಿಗೆ ಹಣ್ಣು ಬೇಕೆಂದು ಎರಡು ಗೊನೆ ಹೇಳಿದ್ದಾರೆ, ದುಡ್ಡು ಎಷ್ಟೆಂದು ಕೇಳಿದರು. ಅತ್ತೆ ನಡುವೆ ಬಾಯಿ ಹಾಕಿ, “ಮನೆಯ ಬಾಳೆಗೆ ಎಂಥ ದುಡ್ಡು” ಅಂದುಬಿಟ್ಟರು. ಮನೆಯ ಬಾಳೆ! ಕೆಸುವಿನ ಗಿಡ ಅಂದವರು.

ಮುಂದಿನ ಸಲಕ್ಕೆ 300 ಮಾತ್ರ ಬುಕ್ ಮಾಡಿದ್ದೇನೆ. ಇನ್ನೊಂದು 300ಕ್ಕೆ ನನ್ನದೇ ಗದ್ದೆಯ ಕಂದು, ಮೇಲಿನ ಬೇಲಿಯಿಂದ ದೂರದ ಕೆಳಗಿನ ಸಾಲುಗಳಿಂದ ಆರಿಸಿ, ಅತ್ತೆಯೇ ಕೆತ್ತುತ್ತಾರಂತೆ. ನರ್ಸರಿಯವರಿಗೆ ಫೋನು ಮಾಡಿ ರಸೀದಿಯ ಮೇಲೆ ತಾರೀಖು ಬರೆದು, ಸೀಲು ಹಾಕಿ, ಫೋಟೋ ಕಳಿಸಿ ಅಂದೆ. “ಹಾಗೆಲ್ಲ ಯಾರೂ ಕೇಳಲ್ಲ ಮೇಡಂ” ಅಂದರು. ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಫೋಟೋ ಬಂತು: ಸೆಪ್ಟೆಂಬರ್ 25, ನೀಲಿ ಇಂಕು, ಸೀಲು ಸ್ವಲ್ಪ ಓರೆಯಾಗಿದೆ.